ಮನೆವಾರ್ತೆಯಲ್ಲಿ ಕಾಡುಸಸ್ಯಗಳು

ಮಾನವನು ನಾಗರಿಕತೆಯ ಮೆಟ್ಟಿಲುಗಳನ್ನು ಎಷ್ಟೇ ಏರಿದ್ದರೂ ಅವನ ಮನೆಯೊಳಗೆ ಕಾಡಿನ ಒಂದು ಅಂಶ ಉಳಿದುಕೊಂಡೇ ಬಂದಿದೆ. ಬಚ್ಚಲುಮನೆಯ ಸೀಗೆಪುಡಿ, ರೇಷ್ಮೆಸೀರೆ ಒಗೆಯುವ ಅಂಟುವಾಳ, ನೀರಿನ ಮಡಕೆಯೊಳಗಿನ ಲಾವಂಚದ ಕಟ್ಟು, ಅಂಗಳ ಗುಡಿಸುವ ಈಚಲ ಪೊರಕೆ ಇವೆಲ್ಲ ಬಹುಮಟ್ಟಿಗೆ ಕಾಡು, ಗುಡ್ಡ ಮತ್ತು ಹೊಳೆಯ ದಡಗಳಿಂದ ನಮ್ಮ ಮನೆಗಳಿಗೆ ಬಂದು ಸೇರಿದ ವಸ್ತುಗಳು. ರಾಸಾಯನಿಕ ಶಾಂಪೂಗಳೂ ಮಾರ್ಜಕಗಳೂ ಬಂದ ಮೇಲೆ ಇವುಗಳ ಬಳಕೆ ಕುಗ್ಗಿತಾದರೂ ನಿಂತುಹೋಗಲಿಲ್ಲ. ಇತ್ತೀಚಿನ ವರ್ಷಗಳಲ್ಲಂತೂ 'ನೈಸರ್ಗಿಕ' ಎಂಬ ಪದಕ್ಕೆ ಪೇಟೆಯಲ್ಲಿ ವಿಶೇಷ ಮನ್ನಣೆ ದೊರೆತಿದೆ.

ಚೆನ್ನೈನ ವೆಸ್ಟ್ ಮಾಂಬಲಂನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಈ ವಸ್ತುಗಳು ದುರ್ಲಭವಲ್ಲ. ತಮಿಳರು 'ನಾಟ್ಟು ಮರುಂದು ಕಡೈ' ಎಂದು ಕರೆಯುವ ನಾಟಿ ಮದ್ದಿನ ಅಂಗಡಿಗಳಲ್ಲಿ ಬೇರು, ಕಾಯಿ, ತೊಗಟೆಗಳೆಲ್ಲ ದೊರೆಯುತ್ತವೆ. ತೊಡಕಿರುವುದು ಹೆಸರುಗಳಲ್ಲಿ. ಅಜ್ಜಿ ಹೇಳಿದ ಅಂಟುವಾಳ ಇಲ್ಲಿ 'ಪೂಂದಿಕೊಟ್ಟೈ' ಆಗುತ್ತದೆ. ಚಿಲ್ಲದ ಬೀಜ 'ತೇತ್ತಾಂಕೊಟ್ಟೈ' ಆಗುತ್ತದೆ. ಹೆಸರು ತಪ್ಪಿದರೆ ವಸ್ತು ತಪ್ಪುತ್ತದೆ. ವಸ್ತು ತಪ್ಪಿದರೆ ಕೆಲವೊಮ್ಮೆ ಪ್ರಾಣಾಪಾಯವೇ ಒದಗಬಹುದು.

ಇನ್ನೊಂದು ತೊಡಕು ಹೆಸರಿನ ಮೇಲಿನ ಅತಿಯಾದ ಭರವಸೆ. ಕತಕ ವೃಕ್ಷದ ಬೀಜ ನೀರನ್ನು ತಿಳಿಗೊಳಿಸುತ್ತದೆಯಾದರೂ ಅದರ ಹೆಸರನ್ನು ಉಚ್ಚರಿಸಿದ ಮಾತ್ರಕ್ಕೆ ನೀರು ತಿಳಿಯಾಗುವುದಿಲ್ಲ ಎಂಬ ಅರ್ಥದ ದೃಷ್ಟಾಂತವೊಂದು ಮನುಸ್ಮೃತಿಯ ಆರನೆಯ ಅಧ್ಯಾಯದಲ್ಲಿದೆ. ಅಲ್ಲಿ ಅದು ಧರ್ಮಾಚರಣೆಯನ್ನು ಕುರಿತದ್ದು. ಆದರೆ ಗಿಡಮೂಲಿಕೆಗಳ ವಿಷಯದಲ್ಲಿಯೂ ಅಕ್ಷರಶಃ ಸತ್ಯ. ಡಬ್ಬಿಯ ಮೇಲೆ ಸೀಗೆಯ ಚಿತ್ರವಿದ್ದ ಮಾತ್ರಕ್ಕೆ ಕೂದಲು ಶುಚಿಯಾಗದು. ಯಾವ ಗಿಡ, ಯಾವ ಕೆಲಸಕ್ಕೆ, ಎಷ್ಟರಮಟ್ಟಿಗೆ ಎಂಬುದನ್ನು ಅರಿತು ಬಳಸಿದಾಗಲೇ ಫಲ. ಈ ದೃಷ್ಟಿಯಿಂದ ಕೆಲವು ಮುಖ್ಯ ಸಸ್ಯಗಳನ್ನು ಇಲ್ಲಿ ಪರಿಶೀಲಿಸಲಾಗಿದೆ.

ಸೀಗೆ

ಸೀಗೆ ಮುಳ್ಳುಗಳಿಂದ ಕೂಡಿ ಮರಗಳನ್ನು ಹಬ್ಬಿ ಬೆಳೆಯುವ ಬಳ್ಳಿ. ಸಸ್ಯಶಾಸ್ತ್ರಜ್ಞರು ಇದನ್ನು ಬಹುಕಾಲ ಅಕೇಶಿಯ ಕುಲದಲ್ಲಿ ಸೇರಿಸಿದ್ದರು. ಈಗ ಸೆನೆಗಾಲಿಯ ಎಂಬ ಕುಲಕ್ಕೆ ಸೇರಿಸಿದ್ದಾರೆ. ಬಲಿತು ಒಣಗಿದ ಕಾಯಿ ಕಂದುಬಣ್ಣಕ್ಕೆ ತಿರುಗಿ ಸುಕ್ಕುಗಟ್ಟುತ್ತದೆ. ಬೀಜಗಳ ನಡುವಿನ ಭಾಗ ಒಳಸರಿದಂತೆ ಕಾಣುತ್ತದೆ. ತಮಿಳಿನಲ್ಲಿ ಇದು ಸೀಯಕ್ಕಾಯ್.

ಸೀಗೆಯ ಶುದ್ಧಿಗುಣಕ್ಕೆ ಕಾರಣ ಅದರಲ್ಲಿರುವ ಸಪೋನಿನ್ ಎಂಬ ಪದಾರ್ಥ. ಇದರ ಅಣುವಿನ ಒಂದು ಭಾಗ ನೀರಿನೊಡನೆ ಬೆರೆಯಬಲ್ಲದು, ಇನ್ನೊಂದು ಭಾಗ ಎಣ್ಣೆ ಜಿಡ್ಡನ್ನು ಹಿಡಿಯಬಲ್ಲದು. ಹೀಗಾಗಿ ಜಿಡ್ಡು ಸಡಿಲಗೊಂಡು ನೀರಿನೊಡನೆ ಹರಿದುಹೋಗುತ್ತದೆ. ಸಾಬೂನು ಮಾಡುವ ಕೆಲಸವೂ ಇದೇ. ಆದರೆ ಎರಡು ವ್ಯತ್ಯಾಸಗಳಿವೆ. ಮೊದಲನೆಯದಾಗಿ, ಸಾಬೂನು ಕ್ಷಾರಗುಣವುಳ್ಳದ್ದು. ಸೀಗೆಯ ನೀರು ಸ್ವಲ್ಪ ಹುಳಿಗುಣದ್ದು. ಕ್ಷಾರದಿಂದ ಕೂದಲಿನ ಮೇಲಿನ ಸೂಕ್ಷ್ಮ ಪೊರೆಗಳು ಎದ್ದು ಕೂದಲು ಒರಟಾಗುತ್ತದೆ. ಸೀಗೆಯಿಂದ ಹಾಗಾಗುವುದು ಕಡಿಮೆ. ಎರಡನೆಯದು ಚೆನ್ನೈ ನಿವಾಸಿಗಳಿಗೆ ವಿಶೇಷವಾಗಿ ಅನ್ವಯಿಸುವ ಮಾತು. ನಗರದ ಅನೇಕ ಕೊಳವೆ ಬಾವಿಗಳ ನೀರು ಗಡುಸಾದುದು. ಗಡಸು ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಲವಣಗಳೊಡನೆ ಸಾಬೂನು ಸೇರಿದಾಗ ನೊರೆ ಬಾರದೆ ಬಿಳಿಯ ಗಷ್ಟು ಉಂಟಾಗಿ ಕೂದಲಿಗೆ ಅಂಟಿಕೊಳ್ಳುತ್ತದೆ. ಸೀಗೆಯಿಂದ ಅಂತಹ ಗಷ್ಟು ಆಗುವುದಿಲ್ಲ.

ಮನೆಯಲ್ಲಿ ಪುಡಿ ಸಿದ್ಧಪಡಿಸುವವರು 1 ಕಿಲೋ ಸೀಗೆಕಾಯಿಗೆ 250 ಗ್ರಾಂ ಹೆಸರುಕಾಳು, 100 ಗ್ರಾಂ ಮೆಂತ್ಯ, ಒಂದು ಹಿಡಿ ಒಣಗಿಸಿದ ನಿಂಬೆ ಅಥವಾ ಕಿತ್ತಳೆ ಸಿಪ್ಪೆಯನ್ನು ಸೇರಿಸಬಹುದು. ಎಲ್ಲವನ್ನೂ ಎರಡು ದಿನ ಒಳ್ಳೆಯ ಬಿಸಿಲಿನಲ್ಲಿ ಒಣಗಿಸಿ ಬೀಸಿಸಬೇಕು. ಹಿಟ್ಟಿನ ಗಿರಣಿಯಲ್ಲಿ ಸೀಗೆಗೆಂದೇ ಬೇರೆ ಯಂತ್ರವಿದೆಯೇ ಎಂದು ಮೊದಲು ವಿಚಾರಿಸುವುದು ಅವಶ್ಯ. ಅಕ್ಕಿ, ಗೋಧಿ ಬೀಸುವ ಯಂತ್ರದಲ್ಲಿ ಸೀಗೆ ಬೀಸಿದರೆ ಆಹಾರದ ಹಿಟ್ಟೂ ಕಹಿಯಾಗಿ ಕೆಡುತ್ತದೆ. ಪುಡಿಯನ್ನು ಗಾಳಿಯಾಡದ ಡಬ್ಬಿಯಲ್ಲಿರಿಸಿ ಬೇಕಾದಷ್ಟನ್ನೇ ಬಚ್ಚಲಿಗೆ ಒಯ್ಯಬೇಕು. ಬಚ್ಚಲಿನ ತೇವದಲ್ಲಿ ಅದು ಬೂಷ್ಟು ಹಿಡಿಯುತ್ತದೆ.

ಎಚ್ಚರಿಕೆಯ ಮಾತುಗಳೂ ಇವೆ. ಸಪೋನಿನ್ ಕಣ್ಣಿಗೆ ತೀವ್ರ ಉರಿಯುಂಟುಮಾಡುತ್ತದೆ. ಮಕ್ಕಳ ಕಣ್ಣಿಗೆ ಬಿದ್ದರೆ ಉಜ್ಜದೆ, ಶುದ್ಧವಾದ ತಣ್ಣೀರನ್ನು ಹದಿನೈದು ನಿಮಿಷ ಧಾರೆಯಾಗಿ ಹಾಯಿಸಬೇಕು. ನೋವು, ಕೆಂಪು ಉಳಿದರೆ ನೇತ್ರವೈದ್ಯರಲ್ಲಿಗೆ ಹೋಗಬೇಕು. ಪುಡಿಯ ಧೂಳು ಉಬ್ಬಸದವರಿಗೆ ಆಗದು. ಅಂತಹವರು ಕಾಯಿಯನ್ನೇ ರಾತ್ರಿ ನೆನೆಹಾಕಿ, ಬೆಳಿಗ್ಗೆ ಕುದಿಸಿ, ಸೋಸಿದ ನೀರನ್ನು ಬಳಸುವುದು ಲೇಸು. ಎಲ್ಲಕ್ಕಿಂತ ಮುಖ್ಯವಾಗಿ, ಸೀಗೆ ಕೂದಲನ್ನು ಶುಚಿಗೊಳಿಸುತ್ತದೆಯೇ ಹೊರತು ಬೆಳೆಸುವುದಿಲ್ಲ. ಕೂದಲು ಉದುರುವುದಕ್ಕೆ ರಕ್ತಹೀನತೆ, ಥೈರಾಯಿಡ್ ದೋಷ, ಹೆರಿಗೆ, ವಿಷಮಜ್ವರ, ಅನುವಂಶೀಯತೆ ಹೀಗೆ ಅನೇಕ ಕಾರಣಗಳಿವೆ. ಅದನ್ನು ಪುಡಿ ಬದಲಾಯಿಸುತ್ತ ಕಾಲ ಕಳೆದರೆ ಮೂಲ ರೋಗ ಬಲಿಯುತ್ತದೆ.

ಸೀಗೆಯ ಸೌಮ್ಯ ಸೋದರಿಯೆಂದು ಚುಜ್ಜಲನ್ನು ಹೇಳಬಹುದು. ಒಣನಾಡಿನ ಕುರುಚಲು ಕಾಡುಗಳಲ್ಲಿ ಬೆಳೆಯುವ ಈ ಮರದ ಎಲೆಯನ್ನು ನೆರಳಿನಲ್ಲಿ ಒಣಗಿಸಿ ಪುಡಿಮಾಡಿ ಎಣ್ಣೆಸ್ನಾನಕ್ಕೆ ಬಳಸುತ್ತಾರೆ. ತಮಿಳುನಾಡಿನಲ್ಲಿ ಇದಕ್ಕೆ 'ಅರಪ್ಪು' ಎಂದು ಹೆಸರು.

ಅಂಟುವಾಳ

ಅಂಟುವಾಳವನ್ನು ನೊರೆಕಾಯಿ ಎಂದೂ ಕರೆಯುತ್ತಾರೆ. ಇದು ಮರ, ಬಳಸುವುದು ಅದರ ಕಾಯಿಯ ಅಂಟಂಟಾದ ಸಿಪ್ಪೆಯನ್ನು. ಒಳಗಿನ ಕರಿಯ ಗಟ್ಟಿ ಬೀಜ ಒಗೆಯುವುದಕ್ಕೆ ನಿರುಪಯುಕ್ತ. ಇದರಲ್ಲಿಯೂ ಸಪೋನಿನ್ ಹೇರಳವಾಗಿದೆ.

ರೇಷ್ಮೆ ಮತ್ತು ಉಣ್ಣೆ ಪ್ರಾಣಿಮೂಲದ ನೂಲುಗಳು, ಅಂದರೆ ಸಸಾರಜನಕದಿಂದ ಕೂಡಿದವು. ಕ್ಷಾರಯುಕ್ತ ಸಾಬೂನಿನಿಂದ ಇವು ಶಿಥಿಲವಾಗಿ ಹೊಳಪು ಕಳೆದುಕೊಳ್ಳುತ್ತವೆ. ಕಾಂಚೀಪುರದ ಸೀರೆಯನ್ನು ಅಂಟುವಾಳದಲ್ಲಿ ಒಗೆಯಬೇಕೆಂಬ ಹಿರಿಯರ ಮಾತಿಗೆ ಹೀಗೆ ಭದ್ರವಾದ ರಸಾಯನಶಾಸ್ತ್ರದ ಆಧಾರವಿದೆ. ಎಂಟು ಹತ್ತು ಕಾಯಿಗಳ ಬೀಜ ತೆಗೆದು, ಸಿಪ್ಪೆಯನ್ನು ಅರ್ಧ ಲೀಟರ್ ಬಿಸಿನೀರಿನಲ್ಲಿ ರಾತ್ರಿ ನೆನೆಯಿಡಬೇಕು. ಬೆಳಿಗ್ಗೆ ಚೆನ್ನಾಗಿ ಕಿವುಚಿ, ಬಟ್ಟೆಯಲ್ಲಿ ಸೋಸಿ, ಒಂದು ಬಕೆಟ್ ತಣ್ಣೀರಿಗೆ ಬೆರೆಸಬೇಕು. ಸೀರೆಯ ಅಂಚಿನ ಒಂದು ಮೂಲೆಯನ್ನು ಅದ್ದಿ ಬಣ್ಣ ಬಿಡುವುದೇ ಎಂದು ನೋಡಿದ ಬಳಿಕ ಮುಂದುವರಿಯುವುದು ಉತ್ತಮ. ಹಿಂಡದೆ, ನೆರಳಿನಲ್ಲಿ ಒಣಗಿಸಬೇಕು. ಚಿನ್ನದ ಒಡವೆಗಳನ್ನು ತೊಳೆಯಲೂ ಅಕ್ಕಸಾಲಿಗರು ಇದನ್ನು ಬಳಸುತ್ತಾರೆ.

ಸೋಸಿದ ನೀರು ಎರಡು ಮೂರು ದಿನಗಳಲ್ಲಿ ಹುಳಿತು ವಾಸನೆ ಬರುವುದರಿಂದ ಅಂದಂದಿಗೆ ಮಾಡಿಕೊಳ್ಳುವುದೇ ಸರಿ. ಅಂಟುವಾಳ ಹೊಟ್ಟೆಗೆ ಹೋದರೆ ವಾಂತಿ, ಭೇದಿ ಆಗುತ್ತವೆ. ಅದರ ಸಪೋನಿನ್ ಮೀನುಗಳಿಗಂತೂ ವಿಷ. ಆದುದರಿಂದ ಒಗೆದ ನೀರನ್ನು ಕೆರೆ, ಕೊಳಗಳಿಗೆ ಚೆಲ್ಲಬಾರದು. ನಿಸರ್ಗದಿಂದ ಬಂದುದೆಲ್ಲ ನಿರಪಾಯವೆಂಬ ನಂಬಿಕೆಗೆ ಈ ಕಾಯಿಯೊಂದೇ ಸಾಕಷ್ಟು ಉತ್ತರ.

ಚಿಲ್ಲದ ಬೀಜ

ಮೇಲೆ ಹೇಳಿದ ಕತಕವೇ ಕನ್ನಡದ ಚಿಲ್ಲ. ಕದಡಿದ ನೀರನ್ನು ತಿಳಿಗೊಳಿಸಲು ಇದರ ಬೀಜವನ್ನು ಪ್ರಾಚೀನ ಕಾಲದಿಂದಲೂ ಬಳಸುತ್ತಿದ್ದಾರೆ. ಬೀಜವನ್ನು ಮಣ್ಣಿನ ಮಡಕೆಯ ಒಳಮೈಗೆ ತಿಕ್ಕಿ ನೀರು ತುಂಬಿಸುವುದು, ಅಥವಾ ಸಾಣೆಕಲ್ಲಿನ ಮೇಲೆ ತೇದು ನೀರಿಗೆ ಕಲಕುವುದು ರೂಢಿ. ಕೆಲವು ಗಂಟೆಗಳಲ್ಲಿ ಮಣ್ಣು ತಳಕ್ಕಿಳಿದು ಮೇಲಿನ ನೀರು ತಿಳಿಯಾಗುತ್ತದೆ. ನೀರಿನಲ್ಲಿ ತೇಲುವ ಅತಿಸೂಕ್ಷ್ಮ ಮಣ್ಣಿನ ಕಣಗಳು ಒಂದನ್ನೊಂದು ದೂರ ತಳ್ಳುವುದರಿಂದ ತಾವಾಗಿ ಕೆಳಗಿಳಿಯವು. ಬೀಜದ ಸತ್ತ್ವ ಈ ಕಣಗಳನ್ನು ಒಟ್ಟುಗೂಡಿಸಿ ಭಾರವಾದ ಮುದ್ದೆಗಳನ್ನಾಗಿ ಮಾಡುತ್ತದೆ. ನಗರದ ನೀರು ಶುದ್ಧೀಕರಣ ಕೇಂದ್ರಗಳಲ್ಲಿ ಪಟಿಕ ಮಾಡುವ ಕೆಲಸವೂ ಇದೇ ಬಗೆಯದು.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. ತಿಳಿನೀರು ಬೇರೆ, ಶುದ್ಧನೀರು ಬೇರೆ. ಕಾಲರಾ, ವಿಷಮಶೀತಜ್ವರ, ಕಾಮಾಲೆಗಳ ರೋಗಾಣುಗಳು ಕಣ್ಣಿಗೆ ಕಾಣುವುದಿಲ್ಲ; ಸ್ಫಟಿಕದಂತಹ ನೀರಿನಲ್ಲಿಯೂ ಅವು ಇರಬಲ್ಲವು. 2015ರ ಡಿಸೆಂಬರಿನ ಮಹಾಪೂರದಲ್ಲಿಯೂ 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದಲ್ಲಿಯೂ ವೆಸ್ಟ್ ಮಾಂಬಲಂನ ತಗ್ಗಿನ ಬೀದಿಗಳು ಜಲಾವೃತವಾದುವು. ಅಂತಹ ದಿನಗಳಲ್ಲಿ ನೆಲದೊಳಗಿನ ತೊಟ್ಟಿಗಳಿಗೆ ಬೀದಿಯ ನೀರೂ ಚರಂಡಿಯ ನೀರೂ ನುಗ್ಗುವುದುಂಟು. ಆ ನೀರನ್ನು ಚಿಲ್ಲದ ಬೀಜದಿಂದ ತಿಳಿಗೊಳಿಸಿ ಕುಡಿಯುವುದು ಆತ್ಮವಂಚನೆಯಾದೀತು. ತಿಳಿಗೊಳಿಸುವುದು ಮೊದಲ ಹೆಜ್ಜೆ ಮಾತ್ರ. ಬಳಿಕ ನೀರು ಕೊತಕೊತನೆ ಕುದಿಯಲಾರಂಭಿಸಿದ ಮೇಲೆ ಒಂದು ನಿಮಿಷವಾದರೂ ಕುದಿಸಲೇಬೇಕು. ತೊಟ್ಟಿಯನ್ನು ಬರಿದು ಮಾಡಿ, ತೊಳೆದು, ಕ್ಲೋರಿನ್ ಹಾಕಿದ ನಂತರವೇ ಮತ್ತೆ ಬಳಸಬೇಕು.

ಎರಡನೆಯ ಅಪಾಯ ಇನ್ನೂ ಘೋರವಾದುದು. ಚಿಲ್ಲದ ಕುಲಕ್ಕೇ ಸೇರಿದ ಇನ್ನೊಂದು ಮರ ಕಾಸರಕ ಅಥವಾ ಹೆಮ್ಮುಷ್ಟಿ; ತಮಿಳಿನಲ್ಲಿ ಎಟ್ಟಿ. ಕಾಸರಗೋಡಿನ ಹೆಸರು ಈ ಮರದಿಂದ ಬಂದುದೆಂದು ಹೇಳುವುದುಂಟು. ಇದರ ಬೀಜದಲ್ಲಿ ಸ್ಟ್ರಿಕ್ನಿನ್ ಎಂಬ ಮಾರಕ ವಿಷವಿದೆ. ಹೆಮ್ಮುಷ್ಟಿಯ ಬೀಜ ದೊಡ್ಡ ಗುಂಡಿಯಂತೆ ಚಪ್ಪಟೆಯಾಗಿ, ಮೇಲೆ ರೇಷ್ಮೆಯಂತಹ ನವಿರು ರೋಮಗಳಿಂದ ಹೊಳೆಯುತ್ತದೆ. ಚಿಲ್ಲದ ಬೀಜ ಅದಕ್ಕಿಂತ ಚಿಕ್ಕದು, ಹೆಚ್ಚು ಉರುಟು. ಈ ಎರಡನ್ನೂ ನಿಸ್ಸಂದೇಹವಾಗಿ ಗುರುತಿಸಬಲ್ಲವರ ಸಹಾಯವಿಲ್ಲದೆ ಚಿಲ್ಲದ ಬೀಜವನ್ನು ಕೊಳ್ಳಲೇಬಾರದು. ಇಂದು ಕುದಿಸುವ ಸೌಕರ್ಯ ಎಲ್ಲ ಮನೆಗಳಲ್ಲಿಯೂ ಇರುವುದರಿಂದ ಅದಿಲ್ಲದಿದ್ದರೂ ನಷ್ಟವೇನೂ ಇಲ್ಲ.

ಲಾವಂಚ ಮತ್ತು ಧೂಪ

ಲಾವಂಚ ಹೊಳೆಯ ದಡಗಳಲ್ಲಿ ಕಾಡಾಗಿ ಬೆಳೆಯುವ ಹುಲ್ಲು. ಈಗ ಹೊಲಗಳಲ್ಲಿಯೂ ಬೆಳೆಯುತ್ತಾರೆ. ಇಂಗ್ಲಿಷಿನಲ್ಲಿ ಬಳಕೆಯಲ್ಲಿರುವ 'ವೆಟಿವರ್' ಎಂಬ ಹೆಸರು ತಮಿಳಿನ 'ವೆಟ್ಟಿವೇರ್' ಶಬ್ದದಿಂದಲೇ ಹೋದುದು. ಬೇರಿನ ಸಣ್ಣ ಕಟ್ಟನ್ನು ತೊಳೆದು ಕುದಿಸಿ ಆರಿಸಿದ ನೀರಿನ ಮಡಕೆಯಲ್ಲಿಟ್ಟರೆ ನೀರಿಗೆ ಹಿತವಾದ ಪರಿಮಳ ಬರುತ್ತದೆ. ಅದನ್ನು ಎರಡು ಮೂರು ದಿನಗಳಿಗೊಮ್ಮೆ ತೆಗೆದು ಬಿಸಿಲಿನಲ್ಲಿ ಒಣಗಿಸಬೇಕು, ಲೋಳೆಗಟ್ಟಿದರೆ ಎಸೆಯಬೇಕು. ಬಟ್ಟೆಯ ಪೆಟ್ಟಿಗೆಯಲ್ಲಿಡಲೂ ಇದು ಯೋಗ್ಯ.

ಎಣ್ಣೆಸ್ನಾನದ ಬಳಿಕ ಕೂದಲಿಗೆ ಧೂಪ ಹಿಡಿಯುವ ಪದ್ಧತಿ ಇಂದಿಗೂ ಅನೇಕ ಮನೆಗಳಲ್ಲಿದೆ. ಪೇಟೆಯ ಸಾಂಬ್ರಾಣಿಯ ಮೂಲವಸ್ತು ಸುಮಾತ್ರಾ ಮೊದಲಾದ ಕಡೆಗಳ ಮರಗಳ ಅಂಟು. ನಮ್ಮ ಪಶ್ಚಿಮಘಟ್ಟದ ಕೊಡುಗೆಗಳೆಂದರೆ ಹಾಲುಮಡ್ಡಿ ಮತ್ತು ಧೂಪದ ಮರದ ರಾಳ. ಪರಿಮಳ ಯಾವುದಿದ್ದರೂ ಹೊಗೆ ಹೊಗೆಯೇ. ಹಸುಗೂಸಿಗೂ ಉಬ್ಬಸದವರಿಗೂ ಅದು ಶ್ವಾಸಕೋಶವನ್ನು ಕೆರಳಿಸುತ್ತದೆ. ಮುಚ್ಚಿದ ಕೋಣೆಯಲ್ಲಿ ಮಗುವಿಗೆ ಧೂಪ ಹಿಡಿಯುವುದನ್ನು ಪ್ರೀತಿಯಿಂದಲೇ ಬಿಡಬೇಕಾಗಿದೆ.

ಕಾಡಿನ ಕಡೆಯ ಲೆಕ್ಕ

ಇಷ್ಟರವರೆಗೆ ಬಳಸುವವರ ದೃಷ್ಟಿಯಿಂದ ವಿವೇಚಿಸಿದ್ದಾಯಿತು. ಈ ಕಾಯಿ, ಬೇರುಗಳು ಎಲ್ಲಿಂದ, ಯಾರ ಶ್ರಮದಿಂದ ಬರುತ್ತವೆ ಎಂಬುದನ್ನೂ ತಿಳಿಯದಿದ್ದರೆ ವಿಷಯ ಅಪೂರ್ಣವಾಗುತ್ತದೆ. ಇದಕ್ಕೆ ಕರ್ನಾಟಕದ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟ ಒಳ್ಳೆಯ ನಿದರ್ಶನ.

ಈ ಬೆಟ್ಟಗಳ ಮೂಲನಿವಾಸಿಗಳಾದ ಸೋಲಿಗರು ತಲೆಮಾರುಗಳಿಂದ ಸೀಗೆ, ನೆಲ್ಲಿ, ಅಂಟುವಾಳ, ಜೇನು, ಕಲ್ಲುಹೂವುಗಳನ್ನು ಸಂಗ್ರಹಿಸುತ್ತ ಬಂದವರು. ಗಿರಿಜನರ ವಿವಿಧೋದ್ದೇಶ ಸಹಕಾರ ಸಂಘಗಳು, ಅಂದರೆ ಲ್ಯಾಂಪ್ಸ್ ಸೊಸೈಟಿಗಳು, ಈ ವಸ್ತುಗಳನ್ನು ಅವರಿಂದ ಕೊಂಡು ಮಾರುವ ವ್ಯವಸ್ಥೆಯನ್ನು ನಡೆಸಿದುವು. 1981ರಲ್ಲಿ ಡಾ. ಎಚ್. ಸುದರ್ಶನ್ ಅವರು ಇಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿ ವೈದ್ಯಕೀಯ, ಶಿಕ್ಷಣ, ಜೀವನೋಪಾಯಗಳ ಕಾರ್ಯಕ್ಕೆ ತೊಡಗಿದರು. ಅವರಿಗೆ 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ದೊರೆಯಿತು.

2002ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ತಿದ್ದುಪಡಿಯಾದ ಬಳಿಕ ಅಭಯಾರಣ್ಯದಿಂದ ಮಾರಾಟಕ್ಕಾಗಿ ಕಿರು ಅರಣ್ಯ ಉತ್ಪನ್ನಗಳನ್ನು ಸಂಗ್ರಹಿಸುವುದಕ್ಕೆ ನಿಷೇಧ ಬಂದಿತು. ಸೋಲಿಗರ ಆದಾಯದ ಒಂದು ಮುಖ್ಯ ಮೂಲ ಬತ್ತಿತು. 2006ರ ಅರಣ್ಯ ಹಕ್ಕು ಕಾಯಿದೆ ಇಂತಹ ಉತ್ಪನ್ನಗಳ ಮೇಲೆ ಅರಣ್ಯವಾಸಿಗಳಿಗೆ ಒಡೆತನದ ಹಕ್ಕನ್ನು ಮಾನ್ಯ ಮಾಡಿತು. 2011ರ ಜನವರಿಯಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅಲ್ಲಿನ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕುಗಳು ದೊರೆತುವು. ನಗರದ ಗೃಹಿಣಿ ಕೊಳ್ಳುವ ಸೀಗೆಕಾಯಿಯ ಹಿಂದೆ ಇಂತಹ ಇತಿಹಾಸವೂ ಇರಬಹುದು.

ಸಂಗ್ರಹದಿಂದ ಕಾಡಿಗೆ ಹಾನಿಯಿಲ್ಲವೇ? ಇದಕ್ಕೆ ಉತ್ತರ ಸಸ್ಯದ ಯಾವ ಭಾಗವನ್ನು ತೆಗೆಯುತ್ತೇವೆ ಎಂಬುದರಲ್ಲಿದೆ. ಅಸಲು ಮತ್ತು ಬಡ್ಡಿಯ ವ್ಯತ್ಯಾಸವನ್ನು ಇಲ್ಲಿ ನೆನೆಯುವುದು ಸೂಕ್ತ. ಸೀಗೆಯ ಬಳ್ಳಿಯಿಂದ ಕಾಯಿಯನ್ನು ಕಿತ್ತರೆ ಅದು ಬಡ್ಡಿ. ಬರುವ ವರ್ಷವೂ ಕೈಸೇರುತ್ತದೆ. ಕಾಯಿ ಸುಲಭವಾಗಿ ಸಿಗಲೆಂದು ಬಳ್ಳಿಯನ್ನೇ ಕಡಿದರೆ ಅಸಲು ಕರಗಿತು. ಕೆಲವು ಕಾಯಿಗಳನ್ನು ಬೀಜಕ್ಕೂ ಪ್ರಾಣಿಗಳಿಗೂ ಬಿಟ್ಟರೆ ಮಾತ್ರ ಖಾತೆ ಬೆಳೆಯುತ್ತದೆ.

ಬೇರು, ತೊಗಟೆ, ಕಾಂಡಗಳ ವಿಷಯ ಹೀಗಲ್ಲ. ಚರ್ಮದ ಲೇಪಗಳಲ್ಲಿಯೂ ಔಷಧಗಳಲ್ಲಿಯೂ ಬಳಸುವ ಮರದರಿಶಿನ, ತಮಿಳಿನ ಮರಮಂಜಳ್, ನಿಧಾನವಾಗಿ ಬೆಳೆಯುವ ದಪ್ಪ ಬಳ್ಳಿ. ಕಾಂಡವನ್ನೇ ಕಡಿದು ಮಾರುವುದರಿಂದ ಪಶ್ಚಿಮಘಟ್ಟದಲ್ಲಿ ಅದು ವಿನಾಶದ ಅಂಚಿಗೆ ಬಂದಿದೆ. ಉಪ್ಪಿನಕಾಯಿಗೆ ಬಳಸುವ ಮಾಕಳಿ ಬೇರೂ ಹಾಗೆಯೇ. ಬೇರನ್ನು ಅಗೆದಾಗ ಗಿಡವೇ ಸಾಯುತ್ತದೆ.

ಇದಕ್ಕೆ ತೀರ ವಿರುದ್ಧವಾದ ಉದಾಹರಣೆಯೂ ಉಂಟು. ಹೊರದೇಶದಿಂದ ಬಂದ ಲಂಟಾನ ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳ ಕಾಡನ್ನು ದಟ್ಟವಾಗಿ ಆವರಿಸಿ ಸ್ಥಳೀಯ ಗಿಡಗಳನ್ನು ಮೇಲೇಳಗೊಡದು. ಅದರ ಕಡ್ಡಿಗಳಿಂದ ಕುರ್ಚಿ, ಬುಟ್ಟಿ, ಮೇಜುಗಳನ್ನು ಮಾಡುವ ಕುಶಲಕರ್ಮ ಈ ಭಾಗದಲ್ಲಿ ಬೆಳೆದಿದೆ. ಈ ಒಂದು ಸಸ್ಯವನ್ನು ಬುಡಸಹಿತ ತೆಗೆದರೂ ಕಾಡಿಗೆ ಲಾಭವೇ.

ಗೃಹಸ್ಥರು ನೆನಪಿಡಬೇಕಾದುವು

1. ಪುಡಿಗಿಂತ ಇಡೀ ಕಾಯಿಯನ್ನು ಕೊಳ್ಳುವುದು ಮೇಲು. ಕಾಯಿಯನ್ನು ಗುರುತಿಸಬಹುದು, ಪುಡಿಯನ್ನು ಗುರುತಿಸಲಾಗದು. ನೊರೆ ಬಂದ ಮಾತ್ರಕ್ಕೆ ಅದು ಸೀಗೆಯೆಂದಲ್ಲ. ಬೆರಕೆಯ ಮಾರ್ಜಕವೂ ನೊರೆ ಕೊಡುತ್ತದೆ.

2. ಅಂಗಡಿಯಲ್ಲಿ ಕನ್ನಡ, ತಮಿಳು ಹೆಸರುಗಳೆರಡನ್ನೂ ಹೇಳಿ, ವಸ್ತುವನ್ನು ಕಣ್ಣಾರೆ ನೋಡಿ ಕೊಳ್ಳಬೇಕು. ಸೀಗೆ ಸೀಯಕ್ಕಾಯ್, ಅಂಟುವಾಳ ಪೂಂದಿಕೊಟ್ಟೈ, ಚುಜ್ಜಲು ಅರಪ್ಪು, ಲಾವಂಚ ವೆಟ್ಟಿವೇರ್ ಎಂಬುದನ್ನು ಬರೆದಿಟ್ಟುಕೊಳ್ಳಬಹುದು.

3. ಹೊಸ ಪುಡಿಯನ್ನು ಮೊದಲು ಮೊಣಕೈಯ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ನೋಡಬೇಕು. ತುರಿಕೆ, ಗಂಧೆ ಎದ್ದರೆ ಬಿಡಬೇಕು.

4. ಎಲ್ಲವನ್ನೂ ಹೆಸರು ಬರೆದ ಡಬ್ಬಿಗಳಲ್ಲಿ, ಅಡಿಗೆಯ ಸಾಮಾನುಗಳಿಂದ ದೂರ, ಮಕ್ಕಳ ಕೈಗೆಟುಕದಂತೆ ಇಡಬೇಕು. ಮೆಂತ್ಯದ ಪುಡಿಗೂ ಸೀಗೆಯ ಪುಡಿಗೂ ಕಣ್ಣು ಸುಲಭವಾಗಿ ಮೋಸಹೋಗುತ್ತದೆ.

5. ಹಣ್ಣು, ಕಾಯಿ, ಎಲೆಗಳನ್ನು ಬಳಸುವ ಸಸ್ಯಗಳಿಗೆ ಆದ್ಯತೆ ಕೊಟ್ಟು, ಕಾಡಿನಿಂದ ಅಗೆದ ಬೇರು, ಕಡಿದ ಕಾಂಡಗಳನ್ನು ಆದಷ್ಟು ವರ್ಜಿಸಬೇಕು. ಸಾಧ್ಯವಾದೆಡೆ ಸಂಗ್ರಹಿಸುವವರ ಸಹಕಾರ ಸಂಘಗಳ ಸರಕನ್ನು ಕೊಳ್ಳಬೇಕು.

ಹಿರಿಯರಿಂದ ಬಂದ ಜ್ಞಾನ ಬೆಲೆಯುಳ್ಳ ಆಸ್ತಿ. ಆದರೆ ಆಸ್ತಿಯ ಪತ್ರವನ್ನು ಪೆಟ್ಟಿಗೆಯಲ್ಲಿಟ್ಟು ಪೂಜಿಸಿದರೆ ಪ್ರಯೋಜನವಿಲ್ಲ. ಅದರಲ್ಲಿ ಏನು ಬರೆದಿದೆ, ಎಲ್ಲೆ ಎಲ್ಲಿಯವರೆಗಿದೆ ಎಂಬುದನ್ನು ಓದಿ ತಿಳಿಯಬೇಕು. ಸೀಗೆಗೆ ಕೂದಲ ಶುಚಿ ಎಲ್ಲೆ, ಅಂಟುವಾಳಕ್ಕೆ ಬಟ್ಟೆಯ ಶುಚಿ ಎಲ್ಲೆ, ಚಿಲ್ಲಕ್ಕೆ ನೀರಿನ ತಿಳಿ ಎಲ್ಲೆ. ಆ ಎಲ್ಲೆಯೊಳಗೆ ಅವು ಇಂದಿಗೂ ನಂಬಿಕೆಗೆ ಪಾತ್ರವಾದ ಸೇವಕರು. ಎಲ್ಲೆ ಮೀರಿದಲ್ಲಿ ವೈದ್ಯರೂ ಕುದಿಯುವ ನೀರೂ ಇದ್ದೇ ಇವೆ. ಬಳಸುವವರಲ್ಲಿ ವಿವೇಕವೂ ಸಂಗ್ರಹಿಸುವವರಲ್ಲಿ ಮಿತಿಯೂ ಇದ್ದಲ್ಲಿ ಮುಂದಿನ ತಲೆಮಾರಿನ ಮಕ್ಕಳ ಎಣ್ಣೆಸ್ನಾನಕ್ಕೂ ಬೆಟ್ಟದ ಬಳ್ಳಿಯಲ್ಲಿ ಕಾಯಿ ಉಳಿದಿರುತ್ತದೆ.